ಕೆಳಗಿನ ಬೋಲ್ಟು

ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಬೇಕಾಯಿತು. ಫೋರ್‌ಮನ್ನರಿಗೆ ಆಗ ಇದ್ದದ್ದು ಮಗಳ ಮನೆಯೊಂದೇ. ಎರಡು ಟ್ರಂಕು, ಒಂದು ಮಡಿಸುವ ಕುರ್ಚಿ, ಒಬ್ಬರೇ ಎತ್ತಲಾಗದ ಕಬ್ಬಿಣದ ಟೂಲ್ ಬಾಕ್ಸು ಮತ್ತು ಹೆಂಡತಿಯ ಸಮೇತ ಅವರು ಟೆಂಪೋದಿಂದ ಇಳಿದ ದಿನ ಅಳಿಯ ತಾನೇ ಟ್ರಂಕು ಹೊತ್ತು ಒಳಗಿಟ್ಟು, "ಇದು ನಿಮ್ಮದೇ ಮನೆ ಅಂದ್ಕೊಳ್ಳಿ ಮಾವ" ಅಂದ. ಅಳಿಯ ಅದನ್ನು ಬಾಯಿಮಾತಿಗೆ ಅಂದದ್ದೋ ಮನಸ್ಸಿನಿಂದ ಅಂದದ್ದೋ, ಫೋರ್‌ಮನ್ನರು ಮಾತ್ರ ಹಾಗೆಯೇ ಅಂದುಕೊಂಡುಬಿಟ್ಟರು.

ತಿಂಗಳು ತುಂಬುವುದರೊಳಗೆ ನಲ್ಲಿಯನ್ನು ಎಷ್ಟು ತಿರುಗಿಸಬೇಕು, ಗೇಟಿನ ಚಿಲಕವನ್ನು ಯಾವ ಕೈಯಲ್ಲಿ ಹಾಕಬೇಕು, ಚಪ್ಪಲಿ ಗೋಡೆಯಿಂದ ಎಷ್ಟು ದೂರ ಇರಬೇಕು ಎಲ್ಲಕ್ಕೂ ಕಾಯಿದೆಯಾಯಿತು. ಮಗಳಿಗೆ ಇದು ಹುಟ್ಟಿದಾಗಿನಿಂದ ಅಭ್ಯಾಸ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ನರ ಸಿಗದ ಮುದುಕರು, ಕಿರುಚಾಡುವ ಹಸುಗೂಸುಗಳು ಯಾರೇ ಬರಲಿ, ವಾರ್ಡಿನಿಂದ ಅವಳಿಗೇ ಕರೆ ಹೋಗುತ್ತಿತ್ತು. ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಒಂದೇ ಸಲಕ್ಕೆ ಚುಚ್ಚಿ ತೆಗೆದುಬಿಡುತ್ತಿದ್ದಳು. ನರ್ಸುಗಳು ಅವಳಿಗೆ ಸೂಜಿಯಮ್ಮ ಎಂದು ಹೆಸರಿಟ್ಟಿದ್ದರು.

ಅಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೆತ್ತಗಿನ ಮಾತಿನ, ಬೇಗ ಕಿವಿ ಕೆಂಪಾಗುವ ಮನುಷ್ಯ. ಮಾವ ಏನು ಅಂದರೂ "ಆಯ್ತು ಮಾವ" ಎನ್ನುತ್ತಿದ್ದ. ಈ ಆಯ್ತು ಫೋರ್‌ಮನ್ನರಿಗೆ ಮೈಯೆಲ್ಲ ಉರಿ ತರುತ್ತಿತ್ತು. ಡಿಪೋದಲ್ಲಿ ಅವರು ಬೈದರೆ ಹುಡುಗರು ಎದುರು ಮಾತಾಡುತ್ತಿದ್ದರು, ಅಳುತ್ತಿದ್ದರು, ಒಬ್ಬ ಸ್ಪ್ಯಾನರನ್ನೇ ಎಸೆದಿದ್ದ. ಇವನು ಹತ್ತಿಯ ಮೂಟೆ. ಎಷ್ಟು ಗುದ್ದಿದರೂ ಸದ್ದಿಲ್ಲ.

ಅಂಥವನು ಒಂದು ಭಾನುವಾರ ಬೆಳಿಗ್ಗೆ ಮನೆಯ ಹಳೆಯ ಸಣ್ಣ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ತಾನೇ ಬದಲಿಸುತ್ತೇನೆಂದು ಅಂಗಳಕ್ಕಿಳಿದ.

"ಯಾರ ಹತ್ರ ಕಲಿತ್ರಿ ಮೇಷ್ಟ್ರೇ?" ಅಂದರು ಫೋರ್‌ಮನ್ನರು, ಮಡಿಸುವ ಕುರ್ಚಿಯನ್ನು ನೆರಳಿಗೆ ಎಳೆದುಕೊಳ್ಳುತ್ತ.

"ಫೋನಲ್ಲಿ ವಿಡಿಯೋ ಇದೆ ಮಾವ. ನಾಲ್ಕು ಸಲ ನೋಡಿದೀನಿ."

"ನಾಲ್ಕು ಸಲವಾ. ಹಂಗಾದ್ರೆ ಹೆರಿಗೆನೂ ಮಾಡಿಸ್ಬಹುದು ಬಿಡಿ."

ಮಗಳು ಬಾಗಿಲಲ್ಲಿ ನಿಂತು, "ಅಪ್ಪ, ನೀನು ಸುಮ್ನಿರು. ಅವರಿಗೆ ಬೇಕಾದ್ರೆ ಕೇಳ್ತಾರೆ" ಅಂದಳು.

ಅವನು ಕೇಳಲಿಲ್ಲ. ಅಲ್ಲೇ ಇದ್ದದ್ದು ತೊಡಕು. ಊರಿನ ಬಸ್ಸುಗಳೆಲ್ಲ ಯಾರ ಕೈಯಿಂದ ಬ್ರೇಕು ಹಾಕಿಸಿಕೊಂಡು ಓಡಿದವೋ ಆ ಮನುಷ್ಯ ಆರಡಿ ದೂರದಲ್ಲಿ ಕೂತಿರುವಾಗ ಈ ಮೇಷ್ಟ್ರು ಫೋನನ್ನು ಬಕೆಟ್ಟಿಗೆ ಒರಗಿಸಿಟ್ಟುಕೊಂಡು ಅದನ್ನು ಕೇಳಿ ಕೇಳಿ ಕೆಲಸ ಮಾಡಿದ. ಮಾಡುವುದನ್ನು ಅಚ್ಚುಕಟ್ಟಾಗಿಯೇ ಮಾಡಿದ. ಜಾಕು ಕೊಟ್ಟ, ಕೆಳಗೆ ಸ್ಟ್ಯಾಂಡು ಇಟ್ಟ, ಚಕ್ರ ಬಿಚ್ಚಿದ. ಒಳಗೆ, ಚಕ್ರದ ಜೊತೆ ತಿರುಗುವ ತಟ್ಟೆಯಂಥ ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಕಚ್ಚಿ ಹಿಡಿಯುವ ಕ್ಯಾಲಿಪರು. ಅದನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಎರಡೇ ಎರಡು ಬೋಲ್ಟು, ಮೇಲೊಂದು, ಕೆಳಗೊಂದು. ಎರಡನ್ನೂ ಬಿಚ್ಚಿ, ಕ್ಯಾಲಿಪರನ್ನು ತಂತಿಯಿಂದ ಮೇಲೆ ಕಟ್ಟಿ, ಸವೆದ ಪ್ಯಾಡು ತೆಗೆದು ಹೊಸದನ್ನು ಕೂರಿಸಿದ. ಆಮೇಲೆ ಟೂಲ್ ಬಾಕ್ಸಿನ ಪಕ್ಕದಿಂದ ಉದ್ದನೆಯ ಹೊಸ ಸ್ಪ್ಯಾನರೊಂದನ್ನು ತೆಗೆದ. ಬೋಲ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಟಿಕ್ ಎಂದು ಸದ್ದು ಮಾಡಿ ಸಾಕು ಎನ್ನುವಂಥದ್ದು.

"ಅದ್ಯಾಕೆ?" ಅಂದರು ಫೋರ್‌ಮನ್ನರು. "ಬೋಲ್ಟು ಬಿಗಿಯಾಯ್ತಾ ಇಲ್ವಾ ಅಂತ ಕೈಗೆ ಗೊತ್ತಾಗಲ್ವಾ? ಮೂವತ್ತೊಂದು ವರ್ಷ ನಾನು ಟಿಕ್ ಅನ್ನಿಸ್ಕೊಂಡು ಕೂತಿದ್ನಾ?"

ಅಳಿಯ ತಲೆ ಎತ್ತದೆ ಹೇಳಿದ. "ಕೈ ಒಂದೊಂದು ದಿನ ಒಂದೊಂದು ತರ ಇರುತ್ತೆ ಮಾವ. ಇದಾದ್ರೆ ಅಳತೆ ತಪ್ಪಲ್ಲ."

ಅದರಲ್ಲಿ ಕುಹಕವೇನೂ ಇರಲಿಲ್ಲ. ಆದರೆ ಬಾಗಿಲಲ್ಲಿದ್ದ ಮಗಳು ನಕ್ಕುಬಿಟ್ಟಳು. "ನೋಡು ಅಪ್ಪ, ಕೊನೆಗೂ ನಿನಗೊಬ್ಬರು ಉತ್ತರ ಕೊಟ್ರು." ಒಳಗಿನಿಂದ ಹೆಂಡತಿಯೂ ನಕ್ಕದ್ದು ಅಡುಗೆಮನೆ ಕಿಟಕಿಯಲ್ಲಿ ಕೇಳಿಸಿತು. ಫೋರ್‌ಮನ್ನರು ನಗಲಿಲ್ಲ.

ಒಂದು ಕಡೆಯ ಚಕ್ರ ಮುಗಿಯಿತು. ಮೇಲಿನ ಬೋಲ್ಟು ಟಿಕ್, ಕೆಳಗಿನದು ಟಿಕ್. ಎರಡನೆಯ ಚಕ್ರ ಅಡುಗೆಮನೆ ಕಿಟಕಿಯ ಕಡೆಗಿನದು. ಅಲ್ಲಿಯೂ ಮೇಲಿನದು ಟಿಕ್ ಅಂದಿತು. ಕೆಳಗಿನದನ್ನು ಬೆರಳಿನಿಂದ ಎರಡು ಸುತ್ತು ಕೂರಿಸಿ ಅಳಿಯ ಸ್ಪ್ಯಾನರಿಗೆ ಕೈ ಹಾಕುವಷ್ಟರಲ್ಲಿ ಗೇಟಿನ ಹತ್ತಿರ ಗ್ಯಾಸ್ ಸಿಲಿಂಡರಿನ ಗಾಡಿ ಬಂತು.

"ಮೇಷ್ಟ್ರೇ, ಸಿಲಿಂಡರು. ಅವನು ಹೊರಗೇ ಉರುಳಿಸಿ ಹೋಗಿಬಿಡ್ತಾನೆ. ಹೋಗಿ ಹೋಗಿ, ಇದು ಎಲ್ಲೂ ಓಡಿ ಹೋಗಲ್ಲ."

ಅಳಿಯ ಬಟ್ಟೆಗೆ ಕೈ ಒರೆಸಿಕೊಂಡು ಓಡಿದ.

ಫೋರ್‌ಮನ್ನರು ಕುರ್ಚಿಯಿಂದ ಎದ್ದರು. ಚಕ್ರವಿಲ್ಲದ ಜಾಗದ ಮುಂದೆ, ನೋಯುವ ಮಂಡಿಗಳನ್ನು ಒಂದೊಂದಾಗಿ ಮಡಚಿ ಕೂತರು. ಹುಳುಕು ಹುಡುಕಲೆಂದೇ ಕೂತದ್ದು. ಪ್ಯಾಡು ನೆಟ್ಟಗೆ ಕೂತಿತ್ತು. ಪೈಪು ತಿರುಚಿಕೊಂಡಿರಲಿಲ್ಲ. ಮೇಲಿನ ಬೋಲ್ಟು ಅಲುಗಲಿಲ್ಲ. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಕೆಳಗಿನ ಬೋಲ್ಟಿನ ತಲೆಗೆ ಬೆರಳು ಇಟ್ಟರೆ ಅದು ಗಿರ್ರೆಂದು ತಿರುಗಿತು.

ಕೈ ತಾನಾಗಿಯೇ ಟೂಲ್ ಬಾಕ್ಸಿನಿಂದ ಆ ಬೋಲ್ಟಿನ ಅಳತೆಯ ರಿಂಗ್ ಸ್ಪ್ಯಾನರನ್ನು ಎತ್ತಿಕೊಂಡಿತ್ತು. ಮೂವತ್ತೊಂದು ವರ್ಷದ ಅಭ್ಯಾಸ. ಅರ್ಧ ನಿಮಿಷದ ಕೆಲಸ. ಸ್ಪ್ಯಾನರು ಬೋಲ್ಟಿನ ತಲೆಯ ಹತ್ತಿರ ಹೋಗಿ ನಿಂತಿತು.

ಕೆಲಸ ಗೊತ್ತಿದ್ದವನಾದರೆ ಚಕ್ರ ಹಾಕುವ ಮುಂಚೆ ಇನ್ನೊಂದು ಸಲ ಮುಟ್ಟಿ ನೋಡುತ್ತಾನೆ, ಎಂದುಕೊಂಡರು ಫೋರ್‌ಮನ್ನರು. ನೋಡಲಿ. ನೋಡಿದರೆ ಬಚಾವು. ನೋಡದಿದ್ದರೆ, ಆ ಟಿಕ್ ಎನ್ನುವ ಸ್ಪ್ಯಾನರಿನ ಅಳತೆ ಎಂಥದ್ದೆಂದು ಎಲ್ಲರಿಗೂ ತೋರಿಸಿದ ಹಾಗಾಯಿತು. ಮೇಲಿನ ಬೋಲ್ಟು ಹಿಡಿದಿದೆ, ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ. ಸ್ಪ್ಯಾನರನ್ನು ಮೆಲ್ಲಗೆ ಬಾಕ್ಸಿನಲ್ಲಿಟ್ಟು ಅವರು ಕುರ್ಚಿಗೆ ವಾಪಸಾದರು.

ಅಳಿಯ ಬಂದ. ಬೆವರು ಒರೆಸಿಕೊಂಡ. ನೇರವಾಗಿ ಚಕ್ರ ಎತ್ತಿ ಕೂರಿಸಿ ನಟ್ಟು ತಿರುಗಿಸತೊಡಗಿದ.

"ಎಲ್ಲ ಆಯ್ತಾ ಮೇಷ್ಟ್ರೇ? ಸರಿಯಾಗಿ ನೋಡ್ಕೊಂಡ್ರಾ?"

"ಆಯ್ತು ಮಾವ. ಎರಡೂ ಟಿಕ್ ಅಂತು."

ಸುಳ್ಳು ಹೇಳುವ ಮುಖವಲ್ಲ ಅದು. ಮೊದಲ ಚಕ್ರದ ಸದ್ದು ಅವನ ಕಿವಿಯಲ್ಲಿ ಎರಡನೆಯದಕ್ಕೂ ಸೇರಿಕೊಂಡಿತ್ತು. ಫೋರ್‌ಮನ್ನರಿಗೆ ಅದೂ ಗೊತ್ತಾಯಿತು. ಅವರು ತಲೆಯಾಡಿಸಿ, "ಭೇಷ್" ಅಂದರು. ಬಹಳ ದಿನಗಳ ಮೇಲೆ ಆ ಮಧ್ಯಾಹ್ನ ಅವರಿಗೆ ಊಟ ರುಚಿಸಿತು. ಹೆಂಡತಿ ಕೇಳದೆಯೇ ಎರಡನೇ ಸಲ ಬಡಿಸಿದಳು. ಆಕೆಯೂ ಏನೋ ಖುಷಿಯಲ್ಲಿದ್ದಳು. ಯಾಕೆಂದು ಅವರು ಕೇಳಲಿಲ್ಲ.

ಸಂಜೆ ಅಳಿಯ ಕಾರನ್ನು ನಾಲ್ಕು ಬೀದಿ ಸುತ್ತಿಸಿಕೊಂಡು ಬಂದ. ಬ್ರೇಕು ಬೆಣ್ಣೆಯ ಹಾಗೆ ಹಿಡಿಯುತ್ತಿದೆ ಅಂದ. ಆಗಲೇ ಹೇಳಿಬಿಡಬಹುದಿತ್ತು. ಆದರೆ ಮರುದಿನ ಸಂಜೆ ಡಿಪೋದ ಇಬ್ಬರು ಹಳೆಯ ಗೆಳೆಯರು ಕಾಫಿಗೆ ಬರುವವರಿದ್ದರು. ಅವರ ಮುಂದೆ, ಮಗಳ ಮುಂದೆ, ಚಕ್ರ ಬಿಚ್ಚಿಸಿ, "ಮೇಷ್ಟ್ರೇ, ಆ ಕೆಳಗಿನದನ್ನ ಬೆರಳಲ್ಲಿ ಮುಟ್ಟಿ ನೋಡಿ" ಎನ್ನಬೇಕು. ಆಗ ಆ ಕಿವಿಗಳು ಎಷ್ಟು ಕೆಂಪಾಗುತ್ತವೆಂದು ನೋಡಬೇಕು. ಸೋಮವಾರ ಕಾರು ಎಲ್ಲಿಗೂ ಹೋಗುವುದಿಲ್ಲ: ಅಳಿಯ ಬಸ್ಸಿನಲ್ಲಿ ಶಾಲೆಗೆ, ಮಗಳು ಸ್ಕೂಟರಿನಲ್ಲಿ ಆಸ್ಪತ್ರೆಗೆ. ಲೆಕ್ಕ ಪಕ್ಕಾ ಇತ್ತು.

ಸೋಮವಾರ ಬೆಳಿಗ್ಗೆ ಸ್ಕೂಟರು ಸ್ಟಾರ್ಟ್ ಆಗಲಿಲ್ಲ. ಫೋರ್‌ಮನ್ನರು ಬಚ್ಚಲುಮನೆಯಲ್ಲಿ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಒಂದು ಕೆನ್ನೆ ಕೆರೆದು ಮುಗಿಸಿದ್ದರು. ಮಗಳು ಸ್ಕೂಟರನ್ನು ಏಳೆಂಟು ಸಲ ಒದ್ದದ್ದು ಕೇಳಿಸಿತು. ಆಮೇಲೆ ಕಾರಿನ ಬಾಗಿಲು. ಆಮೇಲೆ ಇಂಜಿನ್ನು. ಅವರು ಬಚ್ಚಲಿನ ಸಣ್ಣ ಕಿಟಕಿಗೆ ಬಂದರು. ಕಾರು ಗೇಟು ದಾಟುತ್ತಿತ್ತು. ಮಗಳು ಅವರನ್ನು ನೋಡಿ, ನೊರೆಯ ಮುಖಕ್ಕೆ ನಕ್ಕು, ಕೈ ಬೀಸಿದಳು.

ಕೂಗಿದ್ದರೆ ಕೇಳಿಸುತ್ತಿತ್ತು. ಫೋರ್‌ಮನ್ನರ ಗಂಟಲು ಅಂಥದ್ದು, ಡಿಪೋದ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು. ಆದರೆ ಕೂಗಿ ಏನು ಹೇಳುವುದು? ನಿನ್ನೆಯೇ ಗೊತ್ತಿತ್ತು ಎಂದೇ? ನಾಲ್ಕೇ ಕಿಲೋಮೀಟರು, ಎಂದುಕೊಂಡರು. ನಿನ್ನೆ ನಾಲ್ಕು ಬೀದಿ ಸುತ್ತಿದೆ. ತಡೆಯುತ್ತದೆ. ಅವರು ಕನ್ನಡಿಗೆ ಮರಳಿ ಇನ್ನೊಂದು ಕೆನ್ನೆಯನ್ನೂ ಕೆರೆದು ಮುಗಿಸಿದರು.

ಬೋಲ್ಟು ಮೂರು ಕಿಲೋಮೀಟರು ತಡೆಯಿತು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಅದು ಎಲ್ಲೋ ಬಿತ್ತು. ಬ್ರೇಕು ಒತ್ತಿದಾಗ ಕ್ಯಾಲಿಪರು ಮೇಲಿನ ಬೋಲ್ಟಿನ ಮೇಲೆಯೇ ತಿರುಗಿ ಚಕ್ರದ ಒಳಗೋಡೆಗೆ ಸಿಕ್ಕಿಕೊಂಡಿತು. ಬ್ರೇಕಿನ ಪೈಪು ಹರಿಯಿತು, ಕಾರು ಒಂದೇ ಬದಿಗೆ ಎಳೆದುಕೊಂಡು ಹೋಗಿ ನಿಂತಿದ್ದ ಲಾರಿಯೊಂದರ ಹಿಂಭಾಗಕ್ಕೆ ನುಗ್ಗಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಮಗಳ ಬಲಗೈ ಮಣಿಕಟ್ಟು ಮಾತ್ರ ಸ್ಟೀರಿಂಗಿಗೂ ಒಳಗೆ ಬಂದ ತಗಡಿಗೂ ಮಧ್ಯೆ ಸಿಕ್ಕಿ ಪುಡಿಯಾಯಿತು. ಅವಳನ್ನು ಅವಳದೇ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಲ್ಯಾಬಿನ ಹೊಸ ಹುಡುಗಿಯೊಬ್ಬಳು ಸೂಜಿಯಮ್ಮನ ರಕ್ತ ತೆಗೆಯಲು ಮೂರು ಸಲ ಚುಚ್ಚಿದಳಂತೆ.

ಮಧ್ಯಾಹ್ನ ಆಸ್ಪತ್ರೆಯ ಕಾರಿಡಾರಿಗೆ ವಾಹನ ತಪಾಸಣೆಯ ಇನ್‌ಸ್ಪೆಕ್ಟರು ಬಂದ. ಬೆಂಚಿನ ಮೇಲೆ ಅಳಿಯ, ಫೋರ್‌ಮನ್ನರು, ಅವರ ಹೆಂಡತಿ ಸಾಲಾಗಿ ಕೂತಿದ್ದರು. ಮಗಳು ಒಳಗೆ ಆಪರೇಷನ್ ಕೋಣೆಯಲ್ಲಿದ್ದಳು.

"ಬ್ರೇಕ್ ಕೆಲಸ ಮಾಡಿದ್ಯಾರು?"

"ನಾನೇ" ಅಂದ ಅಳಿಯ. "ಎರಡೂ ಬೋಲ್ಟು ಬಿಗಿ ಮಾಡಿದೀನಿ ಸಾರ್. ಟಿಕ್ ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ."

"ಕೆಳಗಿನ ಬೋಲ್ಟೇ ಇಲ್ಲ. ಮುರಿದಿದ್ರೆ ತುಂಡು ಒಳಗೆ ಇರ್ತಿತ್ತು, ಬಿಗಿಯಾಗಿದ್ದು ಕಿತ್ತು ಬಂದಿದ್ರೆ ಒಳಗಿನ ಥ್ರೆಡ್ಡಿನ ಗೆರೆ ಹಾಳಾಗ್ತಿತ್ತು. ಎಲ್ಲ ಹೊಸದರ ಹಾಗಿದೆ."

ಇನ್‌ಸ್ಪೆಕ್ಟರು ಫೋರ್‌ಮನ್ನರ ಕಡೆ ತಿರುಗಿದ. ಡಿಪೋದ ಫೋರ್‌ಮನ್ನರನ್ನು ಅವನು ಬಲ್ಲ. "ನೀವೇನಂತೀರಿ ಯಜಮಾನ್ರೇ?"

"ಕೈಯಲ್ಲಿ ಕೂರಿಸಿ ಹಂಗೇ ಬಿಟ್ಟಿರ್ತಾರೆ" ಅಂದರು ಫೋರ್‌ಮನ್ನರು. "ಕಲಿತವರಲ್ಲ. ಫೋನ್ ನೋಡ್ಕೊಂಡು ಮಾಡಿದ್ದು."

ಅಳಿಯ ತನ್ನ ಎರಡೂ ಅಂಗೈಗಳನ್ನು ತೆರೆದು ನೋಡಿಕೊಂಡ. ಆಗ ಹೆಂಡತಿ ಮಾತಾಡಿದಳು. ಅಪರಿಚಿತರ ಮುಂದೆ ಬಾಯಿ ತೆರೆಯುವ ಹೆಂಗಸಲ್ಲ ಆಕೆ. ಅಳಿಯನ ಮುಖ ನೋಡಲಾರದೆ ತೆರೆದಳು.

"ಹಂಗೆ ಬಿಟ್ಟಿದ್ದಲ್ಲ ಸಾರ್ ಅದು. ಇವರು ಸಿಲಿಂಡರ್ ತರೋಕೆ ಹೋಗಿದ್ದಾಗ ನಮ್ಮ ಯಜಮಾನ್ರು ಅದನ್ನ ಬಿಗಿ ಮಾಡಿದ್ರು. ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಸ್ಪ್ಯಾನರ್ ಹಿಡ್ಕೊಂಡು ಅಲ್ಲೇ ಕೂತಿದ್ರು. ಅಳಿಯಂದು ಏನೋ ಹೆಚ್ಚುಕಮ್ಮಿ ಆಗಿತ್ತು, ಇವರು ಒಂದು ಮಾತೂ ಆಡದೆ ಸರಿ ಮಾಡಿಟ್ರಲ್ಲ ಅಂತ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ. ಇಬ್ಬರ ತಪ್ಪೂ ಅಲ್ಲ ಸಾರ್. ಆ ಬೋಲ್ಟೇ ಸರಿ ಇಲ್ಲದ್ದು."

ಇನ್‌ಸ್ಪೆಕ್ಟರು ಬರೆಯುವುದನ್ನು ನಿಲ್ಲಿಸಿದ. ಅಳಿಯ ಮಾವನನ್ನು ನೋಡಿದ. ಹೌದು ಎಂದರೆ, ಫೋರ್‌ಮನ್ ಬಿಗಿ ಮಾಡಿದ ಬೋಲ್ಟು ಒಂದೇ ದಿನಕ್ಕೆ ಉದುರಿತು ಎಂದಾಗುತ್ತದೆ. ನೋಡಿ ಬಿಟ್ಟೆ ಎಂದರೆ ಏನಾಗುತ್ತದೆಂದು ಯೋಚಿಸಲೂ ಫೋರ್‌ಮನ್ನರಿಗೆ ಆಗಲಿಲ್ಲ.

"ಇವಳ ಮಾತು ಕಟ್ಕೋಬೇಡಿ" ಅಂದರು. "ಕಣ್ಣಿಗೆ ಪೊರೆ ಬಂದಿದೆ ಇವಳಿಗೆ. ನೆಲದ ಮೇಲೆ ಬಿದ್ದಿದ್ದ ಒರೆಸೋ ಬಟ್ಟೆ ಎತ್ತಿಟ್ಟೆ ನಾನು. ಕೈಯಲ್ಲಿ ಏನೂ ಇರ್ಲಿಲ್ಲ. ವಯಸ್ಸಾಯ್ತು ಸಾರ್, ಕಂಡಿದ್ದು ಕಾಣದ್ದು ಎಲ್ಲ ಸೇರಿಸಿ ಹೇಳ್ತಾಳೆ."

ಹೆಂಡತಿ ಅವರ ಮುಖವನ್ನೇ ನೋಡಿದಳು. ನಲವತ್ತು ವರ್ಷ ಜೊತೆಗೆ ಬಾಳಿದವಳಿಗೆ ಹೆಚ್ಚು ಹೊತ್ತು ನೋಡಬೇಕಾಗಿರಲಿಲ್ಲ.

"ಇರಬಹುದು" ಅಂದಳು ಆಕೆ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪೊರೆ ಬಂದ ಕಣ್ಣು ಒರೆಸಿಕೊಳ್ಳುವ ಹಾಗೆಯೇ ಇತ್ತು ಅದು.

ಪ್ಲೇಟು, ಸ್ಕ್ರೂ, ಮೂರು ಆಪರೇಷನ್ನು ಆದ ಮೇಲೆ ಮಗಳ ಕೈ ಉಳಿಯಿತು. ಬೆರಳುಗಳು ಉಳಿದವು. ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಮುಟ್ಟುವುದನ್ನು ಮರೆತವು. ಲ್ಯಾಬಿನಿಂದ ಅವಳನ್ನು ನೋಂದಣಿ ಕೌಂಟರಿಗೆ ಹಾಕಿದರು. ಅಲ್ಲಿ ಕೂತು ಎಡಗೈಯಲ್ಲಿ ಚೀಟಿ ಹರಿದು ಕೊಡುವುದು. ವಾರ್ಡಿನಿಂದ ಮಗುವಿನ ಕಿರುಚಾಟ ಕೇಳಿದರೆ ಅವಳ ಬಲಗೈ ಮೇಜಿನ ಕೆಳಗೆ ತಾನಾಗಿಯೇ ಅಲುಗುತ್ತಿತ್ತು.

ಗಂಡನ ಜೊತೆ ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ನಲ್ಲಿ ನಿಲ್ಲಿಸಿ ಬಂದರೆ, "ಬಿಗಿ ಮಾಡಿದೀರಾ?" ನೀರಿನ ಬಾಟಲಿಯ ಮುಚ್ಚಳ ಹಾಕಿದರೆ, "ಬಿಗಿ ಮಾಡಿದೀರಾ?" ಗ್ಯಾಸಿನ ಒಲೆ ಆರಿಸಿದರೆ, ಬೀಗ ಹಾಕಿದರೆ, ಅವಳ ಎಡಗೈಗೆ ಊಟದ ಡಬ್ಬಿ ಕಟ್ಟಿಕೊಟ್ಟರೆ, ಅದೇ ಪ್ರಶ್ನೆ, ಅದೇ ಮೆತ್ತಗಿನ ದನಿ. ಮೊದಮೊದಲು ಅವನು ಹೌದು ಅನ್ನುತ್ತಿದ್ದ. ಆಮೇಲೆ ಹೋಗಿ ಇನ್ನೊಮ್ಮೆ ನೋಡಿ ಬರತೊಡಗಿದ. ಆಮೇಲೆ ಕೇಳುವ ಮುಂಚೆಯೇ ಮೂರು ಮೂರು ಸಲ ನೋಡುತ್ತಿದ್ದ. ಶಾಲೆಯ ಬಾಗಿಲಿಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಬಂದವನು ಮತ್ತೆ ಹಿಂದಕ್ಕೆ ನಡೆದು ಹೋಗುತ್ತಿದ್ದ. ಬೋರ್ಡಿನ ಮೇಲೆ ಎಳೆಯುವ ಗೆರೆ ನೆಟ್ಟಗೆ ಬರುತ್ತಿಲ್ಲವೆಂದು ಮಕ್ಕಳು ನಗುತ್ತಿದ್ದರು.

ಫೋರ್‌ಮನ್ನರಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಅಳಿಯ ಈಗ ಎಲ್ಲವನ್ನೂ ಅವರನ್ನೇ ಕೇಳುತ್ತಿದ್ದ. "ಮಾವ, ಈ ಬಲ್ಬು ಸರಿಯಾಗಿ ಕೂತಿದೆಯಾ ನೋಡಿ." "ಮಾವ, ಗೇಟು ಹಾಕಿದೀನಿ, ಒಂದ್ಸಲ ನೋಡ್ತೀರಾ." ಚಹಾದಂಗಡಿಯ ಬೆಂಚಿನಲ್ಲಿ ಡಿಪೋದ ಗೆಳೆಯರಿಗೆ ಅವರು ಬೋಲ್ಟಿನ ಕಥೆ ಹೇಳುತ್ತಿದ್ದರು. "ಟಿಕ್ ಅಂತು ಮಾವ" ಎಂದು ಅಳಿಯನ ದನಿ ತೆಗೆದು ಹೇಳಿದಾಗ ಗೆಳೆಯರು ನಗುತ್ತಿದ್ದರು. ಹೇಳಿ ಹೇಳಿ ಅವರಿಗೇ ಒಮ್ಮೊಮ್ಮೆ ತಾವು ಬಟ್ಟೆಯನ್ನೇ ಎತ್ತಿಟ್ಟದ್ದೆಂದು ಅನಿಸಿಬಿಡುತ್ತಿತ್ತು. ಮನೆಗೆ ಬಂದರೆ ಹೆಂಡತಿ ಊಟ ಬಡಿಸಿ ಗೋಡೆ ನೋಡುತ್ತ ಕೂರುತ್ತಿದ್ದಳು. ಬೇಕು ಬೇಡ ಬಿಟ್ಟರೆ ಆಕೆ ಅವರೊಡನೆ ಮಾತಾಡಿ ತಿಂಗಳುಗಳಾಗಿದ್ದವು.

ಐದನೆಯ ತಿಂಗಳು ಮಗಳೇ ಒಂದು ಮಾತು ತೆಗೆದಳು. "ಅಮ್ಮನ ಕಣ್ಣು ತೋರಿಸ್ಬೇಕು. ಅಪ್ಪ ಆವತ್ತು ಆಸ್ಪತ್ರೇಲಿ ಹೇಳಿದ್ದನಂತೆ, ಪೊರೆ ಬಂದಿದೆ ಅಂತ. ನಾನು ಕೌಂಟರಲ್ಲೇ ಇರ್ತೀನಲ್ಲ, ಕ್ಯೂ ನಿಲ್ಲೋದು ಬೇಡ."

"ಈಗ್ಯಾಕೆ" ಅಂದರು ಫೋರ್‌ಮನ್ನರು. "ಇನ್ನೂ ಬಲಿತಿಲ್ಲ ಅದು."

"ಬಲಿತಿದೆಯೋ ಇಲ್ವೋ ಡಾಕ್ಟರ್ ನೋಡ್ಲಿ" ಅಂದಳು ಹೆಂಡತಿ. ಆಗಲೇ ಎದ್ದು ಸೀರೆ ಬದಲಿಸಲು ಹೊರಟಿದ್ದಳು.

ತಾಯಿ ಮಗಳಿಬ್ಬರೂ ಮಧ್ಯಾಹ್ನ ವಾಪಸಾದರು. ಶನಿವಾರವಾದ್ದರಿಂದ ಅಳಿಯನೂ ಮನೆಯಲ್ಲಿದ್ದ. ಮಗಳು ಚಪ್ಪಲಿ ಬಿಡಲಿಲ್ಲ. ರಿಪೇರಿಯಾಗಿ ಬಂದ ಕಾರು ಅಂಗಳದಲ್ಲಿ ಅದೇ ಜಾಗದಲ್ಲಿ ನಿಂತಿತ್ತು. ಮುಂದಿನ ಒಂದು ಬಾಗಿಲಿಗೆ ಬೇರೆ ಬಣ್ಣ.

"ಅಪ್ಪ, ಬಾ ಇಲ್ಲಿ. ಟೂಲ್ ಬಾಕ್ಸ್ ತರ್ಸು ಇವರ ಕೈಲಿ."

"ಯಾಕೆ?"

"ಅಮ್ಮನಿಗೆ ಪೊರೆ ಗಿರೆ ಏನೂ ಇಲ್ಲ. ಹತ್ತಿರದ್ದಕ್ಕೆ ಕನ್ನಡಕ ಬೇಕು, ದೂರದ್ದು ಡಾಕ್ಟರಿಗಿಂತ ಚೆನ್ನಾಗಿ ಕಾಣುತ್ತಂತೆ. ಆವತ್ತು ಕಿಟಕಿಲಿ ಏನು ಕಂಡಳು ಅಂತ ಅಮ್ಮ ದಾರೀಲಿ ಹೇಳಿದ್ಲು. ಬಾ, ಆವತ್ತು ಕೂತಿದ್ದ ಹಂಗೆ ಕೂತ್ಕೋ."

ಅಳಿಯ ಟೂಲ್ ಬಾಕ್ಸನ್ನು ಎಳೆದು ತಂದು ಚಕ್ರದ ಪಕ್ಕ ಇಟ್ಟ. ಹೆಂಡತಿ ಅಡುಗೆಮನೆ ಕಿಟಕಿಗೆ ಬಂದು ನಿಂತಳು. ಫೋರ್‌ಮನ್ನರು ಬೈಯಬಹುದಿತ್ತು, ಇದೇನು ಆಟ ಎಂದು ಕೂಗಾಡಬಹುದಿತ್ತು. ಆದರೆ ಕೂಗಾಡಿದರೆ ಒಪ್ಪಿಕೊಂಡ ಹಾಗೆ. ಮಂಡಿ ಮಡಚಿ ಕೂತರು.

"ಒಂದೊಂದೇ ಎತ್ತಿ ಹಿಡಿ" ಅಂದಳು ಮಗಳು. "ಅಮ್ಮ, ಏನು ಹೇಳು."

"ಸ್ಕ್ರೂಡ್ರೈವರು" ಅಂದಳು ಹೆಂಡತಿ. "ಹಳದಿ ಹಿಡಿ."

"ಈಗ?"

"ಇಕ್ಕಳ."

"ಈಗ?"

"ಬಟ್ಟೆ. ಅದರಲ್ಲಿ ತೂತಿದೆ."

"ಈಗ?"

"ಏನೂ ಇಲ್ಲ. ಬರೀ ಕೈ."

ಮಗಳು ತಾನೇ ಬಗ್ಗಿ ಎಡಗೈಯಿಂದ ಬಾಕ್ಸಿನಲ್ಲಿ ತಡಕಿ ಒಂದನ್ನು ತೆಗೆದು ಅಪ್ಪನ ಕೈಯಲ್ಲಿಟ್ಟಳು.

"ಸ್ಪ್ಯಾನರು" ಅಂದಳು ಹೆಂಡತಿ. "ಉಂಗುರದ್ದು. ಆವತ್ತು ಹಿಡಿದಿದ್ದೂ ಅದೇ. ಹಿಡ್ಕೊಂಡ್ರು, ಸ್ವಲ್ಪ ಹೊತ್ತು ಹಂಗೇ ಕೂತ್ರು, ಆಮೇಲೆ ಬಾಕ್ಸಲ್ಲಿ ಇಟ್ರು. ಸದ್ದಾಗದ ಹಂಗೆ ಇಟ್ರು. ಸ್ಪ್ಯಾನರ್ ಎಸೆಯೋ ಮನುಷ್ಯ ಇವರು, ಯಾವತ್ತೂ ಹಂಗೆ ಇಟ್ಟವರಲ್ಲ. ಆಗ್ಲೇ ನಂಗೆ ತಿಳೀಬೇಕಿತ್ತು."

ಬೀದಿಯಲ್ಲಿ ತರಕಾರಿ ಗಾಡಿಯೊಂದು ಹೋಯಿತು. ಫೋರ್‌ಮನ್ನರು ಸ್ಪ್ಯಾನರನ್ನು ನೋಡುತ್ತಿದ್ದರು.

"ಸಡಿಲ ಇತ್ತು" ಅಂದರು ಕೊನೆಗೆ. "ಬೆರಳಲ್ಲಿ ತಿರುಗ್ತಿತ್ತು. ನಾನು ಬಿಟ್ಟೆ. ಸೋಮವಾರ ಸಂಜೆ ತೋರಿಸೋಣ ಅಂತ ಇದ್ದೆ. ನೀನು ಕಾರು ತಗೊಂಡು ಹೋಗ್ತೀಯ ಅಂತ ಯಾರಿಗೆ ಗೊತ್ತಿತ್ತು."

"ನಾನು ಹೋಗುವಾಗ ನೀನು ಬಚ್ಚಲ ಕಿಟಕಿಲಿ ಇದ್ದೆ" ಅಂದಳು ಮಗಳು. "ನಾನು ಕೈ ಬೀಸಿದೆ."

ಫೋರ್‌ಮನ್ನರು ಸ್ಪ್ಯಾನರನ್ನು ನೆಲದ ಮೇಲಿಟ್ಟರು.

ಅಳಿಯ ಅವರ ಎದುರಿಗೆ ಬಂದು ನಿಂತ. "ಅದನ್ನ ಬಿಗಿ ಮಾಡೋಕೆ ಎಷ್ಟು ಹೊತ್ತು ಬೇಕಿತ್ತು ಮಾವ?"

"ಅರ್ಧ ನಿಮಿಷ."

"ನನಗೆ ಹೇಳೋಕೆ?"

ಮಗಳು ಗಂಡನ ಕಡೆ ತಿರುಗಿ ಏನೋ ಹೇಳಹೊರಟಳು. ಅವನು ಅಂಗೈ ಅಡ್ಡ ಹಿಡಿದು, "ಈಗ ಬೇಡ" ಅಂದು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಬಹಳ ಹೊತ್ತು ತೊಳೆದ. ಆಮೇಲೆ ನಲ್ಲಿ ನಿಲ್ಲಿಸಿದ, ಇನ್ನೊಮ್ಮೆ ಮುಟ್ಟಿ ನೋಡಿದ, ಮತ್ತೊಮ್ಮೆ ನೋಡಿದ. ಮಗಳು ಅದನ್ನು ನೋಡುತ್ತ ನಿಂತಿದ್ದಳು.

"ಎದ್ದೇಳಿ" ಅಂದಳು ಆಮೇಲೆ ಅಪ್ಪನಿಗೆ. "ಒಳಗೆ ಹೋಗಿ ಕೂತ್ಕೊಳ್ಳಿ. ಊಟಕ್ಕೆ ಕರೀತೀವಿ."

ನೀನು ಎಂದೇ ಕರೆದು ಬೆಳೆದ ಮಗಳು. ಆ ದಿನದ ನಂತರ ಒಂದು ಸಲವೂ ಬಾಯಿತಪ್ಪಿಯೂ ನೀನು ಅನ್ನಲಿಲ್ಲ. ಫೋರ್‌ಮನ್ನರು ಏಳಲು ನೋಡಿದರು, ಮಂಡಿ ಏಳಲಿಲ್ಲ. ಕೈ ಕೊಡುವವರು ಯಾರೂ ಇರಲಿಲ್ಲ. ಕಿಟಕಿಯಲ್ಲಿದ್ದ ಹೆಂಡತಿ ಒಲೆಯ ಕಡೆ ತಿರುಗಿದ್ದಳು. ಕಾರಿನ ಬಂಪರು ಹಿಡಿದು, ಅಂಗೈ ತರಚಿಸಿಕೊಂಡು, ತಾವೇ ಎದ್ದರು.

ಯಾರೂ ಅವರನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ಟೂಲ್ ಬಾಕ್ಸು ಮಾತ್ರ ಅಳಿಯನ ಕೋಣೆಗೆ ಹೋಯಿತು. ಚಹಾದಂಗಡಿಗೆ ಹೋಗುವುದನ್ನು ಅವರೇ ಬಿಟ್ಟರು. ಮಗಳು ಗಂಡನ ಕ್ಷಮೆ ಕೇಳಿದಳು, ಎರಡು ಸಲ. ಅವನು "ಆಯ್ತು" ಅಂದ. ಮಾವನಿಗೆ ಅನ್ನುತ್ತ ಬಂದಿದ್ದ ಅದೇ ಆಯ್ತು. ಅವಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು, ಅವನು ಮೂರು ಮೂರು ಸಲ ನೋಡುವುದನ್ನು ನಿಲ್ಲಿಸಲಾರದೆ ಹೋದ.

ಆ ವರ್ಷದ ಕೊನೆಯಲ್ಲಿ ಮಗಳು ಎಡಗೈಯಲ್ಲಿ ರಕ್ತ ತೆಗೆಯುವುದನ್ನು ಕಲಿಯಲು ಹೊರಟಳು. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸೂಜಿ, ಹತ್ತಿ, ರಬ್ಬರಿನ ಪಟ್ಟಿ ಜೋಡಿಸಿಟ್ಟುಕೊಳ್ಳುತ್ತಿದ್ದಳು. ಅಳಿಯ ಅಂಗಿಯ ತೋಳು ಮಡಚಿ ಎದುರಿಗೆ ಕೂರುತ್ತಿದ್ದ. ಅವಳು ಒಮ್ಮೆ ಚುಚ್ಚಿದರೆ ನರದ ಪಕ್ಕಕ್ಕೆ ಹೋಗುತ್ತಿತ್ತು, ಇನ್ನೊಮ್ಮೆ ನರವನ್ನು ದಾಟಿ ಹೋಗುತ್ತಿತ್ತು. ಅವನ ತೋಳಿನ ಮೇಲೆ ನೀಲಿ, ಹಸಿರು, ಹಳದಿ ಕಲೆಗಳು ವಾರ ವಾರಕ್ಕೆ ಹೆಚ್ಚಾದವು. ಅವನು ತೋಳು ಎಳೆದುಕೊಳ್ಳಲಿಲ್ಲ, ಮುಖ ಕಿವುಚಲಿಲ್ಲ, ಮಾತನ್ನೂ ಆಡಲಿಲ್ಲ. ಅವನು ಹೆಂಡತಿಗೆ ಸಹಾಯ ಮಾಡುತ್ತಿದ್ದಾನೋ ಶಿಕ್ಷೆ ಕೊಡುತ್ತಿದ್ದಾನೋ ಎಂದು ಹೇಳುವುದು ಕಷ್ಟವಿತ್ತು. ಚುಚ್ಚುವಾಗ ಅವಳ ಕಣ್ಣಲ್ಲಿ ನೀರು ತುಂಬಿರುತ್ತಿತ್ತು.

ಹಾಗೊಂದು ಭಾನುವಾರ ನಾಲ್ಕನೆಯ ಸಲವೂ ತಪ್ಪಿದಾಗ ಫೋರ್‌ಮನ್ನರು ತಮ್ಮ ಕೋಣೆಯಿಂದ ಎದ್ದು ಬಂದರು. ಮೇಜಿನ ಪಕ್ಕ ನಿಂತು ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಏರಿಸಿದರು. ಜೀವಮಾನವಿಡೀ ಸ್ಪ್ಯಾನರು ಹಿಡಿದ ತೋಳು. ನರಗಳು ಹಗ್ಗದ ಹಾಗೆ ಎದ್ದು ನಿಂತಿದ್ದವು. ಕಣ್ಣು ಕಟ್ಟಿಕೊಂಡು ಚುಚ್ಚಿದರೂ ಸಿಗುವಂಥವು.

"ಇದರಲ್ಲಿ ನೋಡು" ಅಂದರು. "ಇದು ಸುಲಭ ಆಗುತ್ತೆ."

ಮಗಳು ಆ ತೋಳನ್ನು ನೋಡಿದಳು. ಕೆಲಸ ಬಲ್ಲವಳ ಕಣ್ಣು, ಒಂದು ಕ್ಷಣ ನರದ ಮೇಲೇ ನಿಂತಿತು.

"ನಿಮ್ಮದು ಬೇಡ" ಅಂದಳು.

ಫೋರ್‌ಮನ್ನರು ತೋಳು ಇಳಿಸಿಕೊಳ್ಳದೆ ಅಲ್ಲೇ ನಿಂತರು. ಅವಳು ಹೊಸ ಸೂಜಿ ತೆಗೆದು, ಗಂಡನ ತೋಳಿನಲ್ಲಿ ಕಲೆಯಿಲ್ಲದ ಜಾಗವೊಂದನ್ನು ಹುಡುಕಿ, ಮತ್ತೆ ಚುಚ್ಚಿದಳು. ರಕ್ತ ಬರಲಿಲ್ಲ.